ತೊಟ್ಟಿಲಿಗೆ ಕ ಅಕ್ಷರದ ಹೂವು

ನನ್ನ ಗಾಡಿಯಲ್ಲಿ ಎರಡು ಬುಟ್ಟಿ ಇರುತ್ತವೆ. ದೊಡ್ಡದು ಮೇಲೆ, ಮುಡಿಯುವ ಹೂವಿಗೆ. ಸಣ್ಣದು ಹಲಗೆಯ ಕೆಳಗೆ, ದೇವರ ಹೂವಿಗೆ. ಎಕ್ಕ, ಕಣಗಿಲೆ, ಬಿಲ್ವಪತ್ರೆ ಎಲ್ಲ ಆ ಸಣ್ಣ ಬುಟ್ಟಿಗೆ. ಇದು ನನ್ನ ಅತ್ತೆ ಮಾಡಿಟ್ಟ ಏರ್ಪಾಡು. ಮೈಸೂರಿನ ಯಾದವಗಿರಿಯ ಈ ಮೂಲೆಯಲ್ಲಿ ಅವರು ಇಪ್ಪತ್ತು ವರ್ಷ ಕೂತರು, ಅವರಾದ ಮೇಲೆ ನಾನು ಇಪ್ಪತ್ತಾರು ವರ್ಷ ಕೂತಿದ್ದೇನೆ. ಇಷ್ಟು ವರ್ಷಗಳಲ್ಲಿ ಸಣ್ಣ ಬುಟ್ಟಿಯ ಹೂವು ದೊಡ್ಡ ಬುಟ್ಟಿಗೆ ಬಂದದ್ದು ಒಂದೇ ಸಲ. ತಂದವಳು ನಾನೇ.

ಹೇಮಶ್ರೀ ಅನ್ನುವವರು ನನ್ನ ಹಳೆಯ ಗಿರಾಕಿ. ಎರಡು ಬೀದಿ ಆಚೆ ಮನೆ. ಶ್ರಾವಣದ ಮೊದಲ ವಾರ ಕಾರು ನಿಲ್ಲಿಸಿ ಇಳಿದು ಬಂದರು.

“ಸಿದ್ದಲಿಂಗಮ್ಮ, ನನ್ನ ತಮ್ಮನಿಗೆ ಹೆಣ್ಣು ಮಗು ಆಗಿದೆ. ಬರೋ ಸೋಮವಾರ ಬೋಗಾದಿಯಲ್ಲಿ ಅವನ ಮನೇಲೇ ನಾಮಕರಣ. ಮಗು ನಕ್ಷತ್ರಕ್ಕೆ ಕ ಅಕ್ಷರ ಬಂದಿದೆ. ತೊಟ್ಟಿಲಿಗೆ ಕಟ್ಟೋ ಹೂವೆಲ್ಲ ಕ ಇಂದಾನೇ ಶುರು ಆಗ್ಬೇಕು. ಒಂಬತ್ತು ಥರ.”

“ಒಂಬತ್ತಾ? ಐದು ಸಾಲ್ದಾ ಅಮ್ಮ?”

“ಒಂಬತ್ತು ಜನ ಮುತ್ತೈದೆಯರು ಬರ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಹೂವು. ಸೋದರತ್ತೆ ನಾನು. ಹೆಸರು ಹೇಳೋಳು ನಾನೇ. ಎಲ್ಲಾರೂ ನೋಡೋ ಥರ ಇರ್ಬೇಕು.”

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಅಕ್ಷರ ಹಿಡಿದು ಹೂವು ಹುಡುಕುವ ಆಟ ಯಾರಿಗೆ ಬೇಡ? ಅಲ್ಲೇ ಬೆರಳು ಮಡಿಸಿದೆ. ಕನಕಾಂಬರ, ಕಾಕಡ, ಕಮಲ, ಕೇದಗೆ, ಕೆಂಡಸಂಪಿಗೆ. ಒಂದು ಕೈ ಆಯಿತು. ಮಳೆಗಾಲವಾದ್ದರಿಂದ ಕರ್ಣಕುಂಡಲ ಎಲ್ಲರ ಹಿತ್ತಲಲ್ಲೂ ಇದೆ. ಕೋಳಿಜುಟ್ಟು ಇದೆ. ಏಳು.

“ಕ್ರಿಸಾಂತಮಮ್ ಇದೆಯಲ್ಲಾ?” ಅಂದರು ಹೇಮಶ್ರೀ.

“ಅದು ನಮ್ಮ ಸೇವಂತಿಗೆ ಕಣಮ್ಮ. ಹೆಸರು ಬದಲಾಯ್ಸಿ ತೊಟ್ಟಿಲಿಗೆ ಏರ್ಸೋದಾ?”

ಅವರೂ ನಕ್ಕರು. ಕೊನೆಗೆ ಕಾರ್ನೇಷನ್‌ಗೆ ಇಬ್ಬರೂ ಒಪ್ಪಿದೆವು, ಅದಕ್ಕೆ ನಮ್ಮಲ್ಲಿ ಬೇರೆ ಹೆಸರೇ ಇಲ್ಲವಲ್ಲ. ಎಂಟಾಯಿತು. ಒಂಬತ್ತನೆಯದು ಕಾಡುಮಲ್ಲಿಗೆ. ಕಾಡಿನ ಪಕ್ಕದ ಕೋಟೆ ಊರಿನ ಕಡೆಯಿಂದ ಬಸ್ಸಿಗೆ ಹೂವು ಹಾಕುವ ಬೀರಯ್ಯನಿಗೆ ಹೇಳಿ ತರಿಸುತ್ತೇನೆಂದು ಮಾತು ಕೊಟ್ಟೆ.

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಬೀರಯ್ಯನ ಫೋನು ಬಂತು. “ಅಕ್ಕ, ರಾತ್ರಿ ಸುರಿದ ಮಳೆಗೆ ಕಾಡುಮಲ್ಲಿಗೆ ಪೂರಾ ಉದುರೋಗದೆ. ಒಂದು ಮೊಗ್ಗೂ ಇಲ್ಲ. ಬೈಬೇಡ ಕಣಕ್ಕ.”

ಬೈದೆ. ಬೈದರೆ ಮೊಗ್ಗು ಬರುತ್ತದೆಯೇ? ಅವತ್ತು ಶ್ರಾವಣ ಸೋಮವಾರ, ಗಾಡಿಯ ಮುಂದೆ ಆಗಲೇ ಜನ. ಎಂಟೂವರೆಗೆ ಹೇಮಶ್ರೀ ಬರುತ್ತಾರೆ. ಎಂಟು ಹೂವಿನ ಮಾಲೆ ಕಟ್ಟಿ ಮುಗಿದಿದೆ, ಒಂಬತ್ತನೆಯದಕ್ಕೆ ಬಿಟ್ಟ ಜಾಗ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿದೆ. ಆಗ ಈಶ್ವರನ ಗುಡಿಗೆ ಹೊರಟ ಯಾರೋ “ಕಣಗಿಲೆ ಕೊಡಮ್ಮ” ಅಂದರು.

ಹಲಗೆಯ ಕೆಳಗೆ ಬಗ್ಗಿದೆ. ಬುಟ್ಟಿ ತುಂಬ ಗುಲಾಬಿ ಬಣ್ಣದ ಕಣಗಿಲೆ. ಕ! ಇಷ್ಟು ಹೊತ್ತು ಕಾಲ ಬುಡದಲ್ಲೇ ಇತ್ತಲ್ಲಾ ಅಂತ ಖುಷಿಯಾಯಿತು. ದಾರ ಸುತ್ತುವಾಗ ಕೈ ಒಂದು ಕ್ಷಣ ತಡೆಯಿತು, ನಿಜ ಹೇಳಬೇಕು. ತೊಟ್ಟಿಲ ಮೇಲೆ ತೂಗುವ ಹೂವು, ಮೂರು ವಾರದ ಕೂಸಿನ ಕೈಗೆ ಎಲ್ಲಿ ಎಟುಕುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಕಟ್ಟಿಬಿಟ್ಟೆ. ಹೇಮಶ್ರೀ ಬಂದರು. ಒಂಬತ್ತನ್ನೂ ಒಂದೊಂದು ಬಿಡಿಯಾಗಿಯೂ ಕೊಡಿ ಅಂದರು. ಫೋಟೋಕ್ಕೆ ಇರಬೇಕು ಅಂದುಕೊಂಡೆ. ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟೆ.

ಗುಡಿಗೆ ಹೋಗುವವರ ಗದ್ದಲ ಇಳಿದಾಗ ಹತ್ತು ಗಂಟೆ ದಾಟಿತ್ತು. ಫೋನು ನೋಡಿದರೆ ಹೇಮಶ್ರೀಯವರು ಮುಕ್ಕಾಲು ಗಂಟೆ ಹಿಂದೆ ಕಳಿಸಿದ ವಾಯ್ಸ್ ಮೆಸೇಜು. ಕಿವಿಗಿಟ್ಟುಕೊಂಡೆ.

“ಸಿದ್ದಲಿಂಗಮ್ಮ, ಮಾಲೆ ಎಲ್ಲಾರಿಗೂ ತುಂಬಾ ಇಷ್ಟ ಆಯ್ತು. ಒಂದು ಕೇಳೋದು ಮರೆತೆ. ಒಂಬತ್ತನೇ ಹೂವು ಯಾವುದು? ಕಾಡುಮಲ್ಲಿಗೆ ಥರ ಕಾಣ್ತಿಲ್ಲ. ನಮ್ಮಮ್ಮನ ಕಡೆ ಒಂದು ಪದ್ಧತಿ ಇದೆ, ಒಂದೊಂದು ಹೂವಿನ ಎಸಳನ್ನ ಜೇನಲ್ಲಿ ಅದ್ದಿ, ಹೂವಿನ ಹೆಸರು ಹೇಳಿ, ಮಗು ನಾಲಿಗೆಗೆ ಮುಟ್ಟಿಸ್ತೀವಿ. ಅದಕ್ಕೇ ಹೆಸರು ಬೇಕಿತ್ತು. ಹತ್ತೂವರೆಗೆ ಶುರು.”

ನನ್ನ ಕೈಯಲ್ಲಿದ್ದ ಕಾಕಡದ ಮಾರು ನೆಲಕ್ಕೆ ಬಿತ್ತು.

ನನ್ನ ಅತ್ತೆಯ ತವರು ಮಂಡಕಳ್ಳಿ. ಈಗ ವಿಮಾನ ಇಳಿಯುವ ಕಡೆ ಆಗ ಹೊಲ. ಅಲ್ಲಿ ಯಾರೋ ಕಣಗಿಲೆ ಬೇಲಿ ಕತ್ತರಿಸಿ ದಾರಿಗೆ ಎಸೆದಿದ್ದರಂತೆ. ಅವರ ಮನೆಯ ಕರು ಅದಕ್ಕೆ ಬಾಯಿ ಹಾಕಿತು. ಮಧ್ಯಾಹ್ನ ಜೊಲ್ಲು ಸುರಿಸಿತು, ಸಂಜೆಗೆ ಕಾಲು ಮಡಚಿತು, ದೀಪ ಹಚ್ಚುವ ಹೊತ್ತಿಗೆ ಹೋಯಿತು. ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ ಇದನ್ನು ನನಗೆ ಹೇಳಿ, ಕಣಗಿಲೆ ಮುಟ್ಟಿದ ಕೈ ತೊಳೆಯದೆ ಬಾಯಿಗೆ ಅಡಿಕೆ ಹಾಕಬೇಡ ಅಂದಿದ್ದರು. ಅವತ್ತಿಂದ ತೊಳೆದಿದ್ದೇನೆ. ಅವತ್ತು ಬೆಳಿಗ್ಗೆ ಕೂಡ, ಆ ಮಾಲೆ ಕಟ್ಟಿದ ಮೇಲೆ, ಬಾಟಲಿ ನೀರು ಸುರಿದು ತೊಳೆದಿದ್ದೆ. ಕೈಗೆ ನೆನಪಿತ್ತು. ತಲೆ ನೆಪ ಹುಡುಕಿತ್ತು.

ಫೋನು ಹಚ್ಚಿದೆ. ಹೊಡೆದುಕೊಂಡು ನಿಂತಿತು. ಮತ್ತೆ ಹಚ್ಚಿದೆ. ಏಳು ಸಲ. ಶಾಸ್ತ್ರದ ಹೊತ್ತು, ಫೋನಿನ ಬಾಯಿ ಮುಚ್ಚಿರುತ್ತಾರೆ. “ಅಮ್ಮ, ಗುಲಾಬಿ ಬಣ್ಣದ್ದು ಮಗು ಬಾಯಿಗೆ ತೋರಿಸಬೇಡಿ” ಎಂದು ಮೆಸೇಜು ಹೇಳಿ ಕಳಿಸಿದೆ. ಹೇಳಿದ ಮೇಲೆ ಹೊಳೆಯಿತು, ಗುಲಾಬಿ ಬಣ್ಣದ್ದು ಒಂದಲ್ಲ, ಮೂರು. ಬಿಳಿ ಕಮಲ ಬಿಟ್ಟರೂ ಕರ್ಣಕುಂಡಲ, ಕಾರ್ನೇಷನ್, ಕಣಗಿಲೆ. ಮತ್ತೊಂದು ಕಳಿಸಿದೆ. ಎರಡನ್ನೂ ಯಾರೂ ಕೇಳಲಿಲ್ಲ.

ಎದುರಿಗೆ ಮಾರ್ಟಿನ್ ಆಟೋದಲ್ಲಿ ಕಾಲು ಚಾಚಿ ಪೇಪರ್ ಓದುತ್ತಿದ್ದ. ದಿನಾ ಬೆಳಗಿನ ಜಾವ ಮಾರ್ಕೆಟ್ಟಿನಿಂದ ನನ್ನ ಹೂವಿನ ಮೂಟೆ ತರುವವನು ಅವನೇ.

“ಮಾರ್ಟಿನ್, ಬೋಗಾದಿ! ಎದ್ದೇಳು!”

“ಏನಕ್ಕ, ಗಾಡಿ ಬುಟ್ಟು ಹೊರಟ್ಯಾ? ಯಾರಿಗೇನಾಯ್ತು?”

“ಇನ್ನೂ ಆಗಿಲ್ಲ. ಆಗೋದ್ರೊಳಗೆ ಹೋಗ್ಬೇಕು. ನಡೀ.”

ಗಾಡಿಯ ಮೇಲೆ ಗೋಣಿತಾಟು ಎಳೆದು ಕೂತೆ. ದಾರಿಯಲ್ಲಿ ಹೇಳಿದೆ. ಅವನು ಶಿಲುಬೆ ಗುರುತು ಮಾಡಿಕೊಂಡು ಗೇರು ಬದಲಾಯಿಸಿದ. ರೈಲ್ವೆ ಹಳಿ ಕಡೆಯ ರಸ್ತೆ ಬೇಡ, ಅಲ್ಲಿ ಸ್ಕೂಲ್ ಬಸ್ಸುಗಳು ಸಿಕ್ಕಿಕೊಂಡಿರುತ್ತವೆ ಎಂದು ಒಳರಸ್ತೆಗೆ ತಿರುಗಿಸಿದ. ಹತ್ತು ಇಪ್ಪತ್ತು.

“ಮನೆ ಎಲ್ಲಕ್ಕ?”

ವಿಳಾಸ ಕೇಳಿಟ್ಟುಕೊಂಡೇ ಇರಲಿಲ್ಲ ಎಂದು ಆಗ ಹೊಳೆಯಿತು. “ನೀರಿನ ಟ್ಯಾಂಕಿನ ಹಿಂದೆ ಅಂದಿದ್ರು. ಹೊಸ ಮನೆ.”

“ಬೋಗಾದೀಲಿ ಹಳೇ ಮನೆ ಎಲ್ಲೈತೆ ತೋರ್ಸು ನೋಡಣ! ಎಲ್ಲಾ ಹೊಸ ಮನೇನೇ. ಪೊಲೀಸಿಗೆ ಫೋನ್ ಮಾಡಣ್ವಾ?”

“ಮಾಡಿ ಏನನ್ನಲಿ? ಮನೆ ಯಾವುದು ಅಂತ ಅವರೂ ಕೇಳಲ್ವಾ?”

ಸ್ವಲ್ಪ ದೂರ ಹೋದ ಮೇಲೆ ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. “ಅಕ್ಕ, ಒಂದ್ ಮಾತು. ಅಲ್ಲೋಗಿ ವಿಷ ಅಂತ ಮಾತ್ರ ಬಾಯಿ ಬುಡಬೇಡ. ಹೆಸರಿಡೋ ಮನೆ. ಜನ ಸೇರಿರ್ತಾರೆ. ಒಬ್ರು ಫೋನಲ್ಲಿ ಹಿಡಿದು ಕಳಿಸಿದ್ರೆ ಸಾಯಂಕಾಲಕ್ಕೆ ಮೈಸೂರೆಲ್ಲಾ ಗೊತ್ತಾಗೋಯ್ತದೆ. ಹೂವಮ್ಮ ವಿಷ ಮಾರಿದ್ಲು ಅಂತಾರೆ. ಆಮೇಲೆ ನಿನ್ನತ್ರ ಯಾರು ಬತ್ತಾರೆ?”

“ಮತ್ತೇನನ್ನಲಿ?”

“ಮೈಲಿಗೆ ಆಗೈತೆ ಅನ್ನು. ಕೆಳಕ್ಕೆ ಬಿದ್ದಿದ್ದು ಅನ್ನು. ಅವರೇ ತೆಗೆದು ಎಸೀತಾರೆ. ಮಗೂನೂ ಉಳೀತದೆ, ನಿನ್ನ ಗಾಡೀನೂ ಉಳೀತದೆ.”

ಅವನು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ಮಗಳನ್ನು ನರ್ಸಿಂಗ್ ಓದಿಸಿದ್ದು ಆ ಗಾಡಿ. ಮೈಲಿಗೆ ಎಂದು ಹೇಳುವುದೇ ಸರಿ ಅಂತ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಟ್ಯಾಂಕಿನ ಹಿಂದೆ ನಾಲ್ಕು ಅಡ್ಡರಸ್ತೆ. ಎರಡನೆಯದರಲ್ಲಿ ಶಾಮಿಯಾನ ಕಂಡಿತು, ಬಾಳೆಕಂದು, ಮಾವಿನ ತೋರಣ. ಮಾರ್ಟಿನ್ ನಿಲ್ಲಿಸುವ ಮೊದಲೇ ಧುಮುಕಿದೆ. ಬಾಗಿಲಲ್ಲಿ ಸೆಗಣಿ, ಹೊಗೆ. ಹಸು ಕಟ್ಟಿದ್ದರು. ಗೃಹಪ್ರವೇಶ.

“ಇಲ್ಲಿ ತೊಟ್ಟಿಲ ಶಾಸ್ತ್ರ ಇಲ್ವಾ?”

“ಇಲ್ಲಮ್ಮ, ನಮ್ಮದು ಗೃಹಪ್ರವೇಶ. ಬಂದೋರು ಹಂಗೇ ಹೋಗಬಾರದು, ಕುಂಕುಮ ತಗೊಳ್ಳಿ. ಏ, ತಟ್ಟೆ ತಾ!”

“ಆಮೇಲೆ ತಗೋತೀನಿ ತಾಯಿ.”

“ಅಯ್ಯೋ, ಮೊದಲನೇ ದಿನಾನೇ ಬೇಡ ಅಂತೀರಲ್ಲಾ!”

ಕುಂಕುಮ ಹಚ್ಚಿಸಿಕೊಂಡೇ ಓಡಬೇಕಾಯಿತು. ಹತ್ತು ಮೂವತ್ತೈದು. ಮಾರ್ಟಿನ್ ಒಂದೊಂದೇ ರಸ್ತೆ ಸುತ್ತೋಣ ಅಂದ. ಸುತ್ತುತ್ತಾ ಕೂತರೆ ಆಗುವುದಿಲ್ಲ. ನಾನು ಯೋಚಿಸಿದೆ: ಈಗಿನವರ ಮನೆಯಲ್ಲಿ ತೊಟ್ಟಿಲು ಎಲ್ಲಿರುತ್ತದೆ? ಬಾಡಿಗೆಗೆ ತರಿಸುತ್ತಾರೆ. ದೊಡ್ಡ ಮರದ ತೊಟ್ಟಿಲು ಟೆಂಪೋದಲ್ಲಿ ಬರಬೇಕು. ಟೆಂಪೋ ಬಂದರೆ ಕಂಡವರು ಇರುತ್ತಾರೆ. ಮೂಲೆಯಲ್ಲಿ ಕಟ್ಟಡದ ಕೆಲಸ ನಡೆಯುತ್ತಿತ್ತು. ಸಿಮೆಂಟು ಬಾಣಲೆ ಹೊತ್ತಿದ್ದ ಹೆಂಗಸನ್ನು ಕೇಳಿದೆ.

“ಅವ್ವಾ, ಬೆಳಿಗ್ಗೆ ತೊಟ್ಲು ಹಾಕ್ಕಂಡು ಟೆಂಪೋ ಬಂತಾ?”

“ಬಂತು ಕಣವ್ವ. ನಮ್ಮ ಜಲ್ಲಿ ರಾಶಿ ದಾರಿಗೆ ಅಡ್ಡ ಅದೆ ಅಂತ ಬೈದು ಹೋದ್ರು. ಅಗಾ, ಆ ಹಸಿರು ಗೇಟು.”

ಹಸಿರು ಗೇಟಿನ ಮುಂದೆ ಚಪ್ಪಲಿಗಳ ರಾಶಿ. ಒಳಗಿಂದ ಹೆಂಗಸರ ಹಾಡು. ಬಾಗಿಲಲ್ಲಿ ರೇಷ್ಮೆ ಪಂಚೆಯ ಒಬ್ಬರು ಕೈ ಅಡ್ಡ ಹಿಡಿದರು. “ಹೂವಿನೋರಾ? ದುಡ್ಡಿಗೆ ಆಮೇಲೆ ಬನ್ನಿ. ಊಟಕ್ಕಾದ್ರೆ ಹಿಂದಿನ ಬಾಗಿಲಿಂದ ಬನ್ನಿ.”

ಅವರ ಕೈ ಕೆಳಗೇ ನುಗ್ಗಿದೆ.

ನಡುಮನೆಯಲ್ಲಿ ತೊಟ್ಟಿಲು. ಅದರ ಮೇಲೆ ನನ್ನ ಮಾಲೆ ತೂಗುತ್ತಿತ್ತು, ಅಷ್ಟು ಚಂದವಾಗಿ ನಾನು ಜೀವಮಾನದಲ್ಲಿ ಕಟ್ಟಿರಲಿಲ್ಲ. ತೊಟ್ಟಿಲ ಪಕ್ಕದ ಕುರ್ಚಿಯಲ್ಲಿ ಮಗುವಿನ ತಾಯಿ. ಎದುರಿಗೆ ಮಣೆಯ ಮೇಲೆ ಬೆಳ್ಳಿ ತಟ್ಟೆ, ಅದರಲ್ಲಿ ಸುತ್ತಲೂ ಎಸಳು, ನಡುವೆ ಜೇನಿನ ಬಟ್ಟಲು. ಹೇಮಶ್ರೀ ತಟ್ಟೆಯ ಕಡೆ ಬಗ್ಗುತ್ತಿದ್ದರು. ಮಗು ನಾಲಿಗೆ ಚಾಚಿ ಜೇನು ಚಪ್ಪರಿಸುತ್ತಿತ್ತು.

“ನಿಲ್ಸಿ! ನಿಲ್ಸಿ ಅಮ್ಮಾ!”

ಹಾಡು ನಿಂತಿತು. ಹೇಮಶ್ರೀಯವರ ಮುಖ ಕೆಂಪಾಯಿತು. “ಸಿದ್ದಲಿಂಗಮ್ಮ? ಏನಿದು?”

ಒಳಗೆ ಮೂವತ್ತು ಜನ. ಎಲ್ಲರ ಕಣ್ಣೂ ನನ್ನ ಮೇಲೆ. ಇಬ್ಬರು ಫೋನು ಎತ್ತಿ ಹಿಡಿದಿದ್ದರು. ದಾರಿಯಲ್ಲಿ ಗಟ್ಟಿ ಮಾಡಿಕೊಂಡಿದ್ದ ಮಾತೇ ಬಾಯಿಗೆ ಬಂತು.

“ಅದರಲ್ಲಿ ಒಂದು ಹೂವು ಮೈಲಿಗೆ ಆಗ್ಬುಟ್ಟಿತ್ತು. ಕೆಳಗೆ ಬಿದ್ದು ಚಪ್ಪಲಿ ಕಾಲು ತಗಲಿತ್ತು. ನೋಡ್ದೆ ಕೊಟ್ಬುಟ್ಟೆ. ಅದನ್ನ ಮಗೂಗೆ ಮುಟ್ಟಿಸಬೇಡಿ.”

ಹೇಮಶ್ರೀಯ ತಾಯಿ, ಮಗುವಿನ ಅಜ್ಜಿ, ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟರು. “ಅಷ್ಟೇನಾ! ಅಷ್ಟಕ್ಕೆ ಹಿಂಗೆ ಓಡಿ ಬಂದ್ಯಾ ತಾಯಿ? ನಾನೇನೋ ಅಂತ ಹೆದರಿಬಿಟ್ಟೆ. ನಿನ್ನಂಥ ನಿಯತ್ತಿನೋರು ಈಗೆಲ್ಲಿದ್ದಾರೆ?” ಪಕ್ಕದಲ್ಲಿದ್ದ ಪಂಚಪಾತ್ರೆಯಿಂದ ಉದ್ಧರಣೆಯಲ್ಲಿ ನೀರು ತೆಗೆದು ತಟ್ಟೆಯ ಮೇಲೆಲ್ಲ ಚಿಮುಕಿಸಿದರು. “ಗಂಗೆ ಬಿದ್ದ ಮೇಲೆ ಮೈಲಿಗೆ ಎಲ್ಲೀದು? ಸರಿಹೋಯ್ತು. ಹೇಮಾ, ಮುಂದಿಂದು ನಿಂದು. ಹೊತ್ತಾಯ್ತು.”

ಇದನ್ನು ನಾನೂ ಮಾರ್ಟಿನ್ನೂ ಯೋಚಿಸಿಯೇ ಇರಲಿಲ್ಲ. ಮೈಲಿಗೆಗೆ ಪರಿಹಾರ ಪ್ರತಿ ಮನೆಯಲ್ಲೂ ಒಂದು ಉದ್ಧರಣೆ ದೂರದಲ್ಲಿರುತ್ತದೆ. ಹಾಡು ಮತ್ತೆ ಶುರುವಾಯಿತು. ಹೇಮಶ್ರೀಯ ಬೆರಳು ಗುಲಾಬಿ ಬಣ್ಣದ ಒಂದು ಎಸಳಿನ ಕಡೆ ಇಳಿಯಿತು.

“ಅದು ಮೈಲಿಗೆ ಅಲ್ಲಮ್ಮ, ವಿಷ!” ಎಂದು ಕೂಗಿದೆ. “ಅದು ಕಣಗಿಲೆ. ವಿಷದ ಹೂವು. ನಾನೇ ಕಟ್ಟಿದ್ದು. ಸುಳ್ಳು ಹೇಳ್ದೆ, ತಪ್ಪಾಯ್ತು.”

ಹೇಮಶ್ರೀ ಬೆಚ್ಚಿ ಕೈ ಕೊಡವಿದರು. ತಟ್ಟೆ ಮಣೆಯಿಂದ ಜಾರಿ ಓರೆಯಾಯಿತು. ಎಸಳುಗಳೆಲ್ಲ ಒಂದು ಕಡೆಗೆ ಸರಿದವು. ಮಗುವಿನ ತಾಯಿ ಗೌತಮಿ ಎದ್ದು ಮಗುವನ್ನು ತೊಟ್ಟಿಲಿಂದ ಬಾಚಿಕೊಂಡು ಗೋಡೆಗೆ ಒರಗಿ ನಿಂತಳು. ಇಪ್ಪತ್ತೈದು ವರ್ಷವೂ ಇರಲಿಕ್ಕಿಲ್ಲ. ಆಮೇಲೆ ಕೇಳಿದಳು, ಮೆಲ್ಲಗೆ. “ಮೂರು ಜನ ಆಗಲೇ ಮುಟ್ಟಿಸಿದ್ರು. ಯಾವ ಮೂರು?”

“ನಾನು ಕೆಂಡಸಂಪಿಗೆ,” ಅಂದರು ಅಜ್ಜಿ. “ಕೆಂಡದ ಬಣ್ಣದ್ದು. ನನಗೆ ಗೊತ್ತು.”

“ನಂದು ಬಿಳೀದು, ಕಾಕಡ,” ಅಂದರು ಪಕ್ಕದ ಮನೆಯವರು.

ಮೂರನೆಯವರು ಕನ್ನಡಕದ ಒಬ್ಬ ಹೆಂಗಸು. ಅವರು ಕನ್ನಡಕ ತೆಗೆದು ಅಳಲು ಶುರು ಮಾಡಿದರು. “ನಂದು ಗುಲಾಬಿ ಬಣ್ಣದ್ದು ಕಣ್ರೀ. ಏನು ಹೂವು ಅಂತ ಗೊತ್ತಿಲ್ಲ. ಹೇಮಾ ಕಾರ್ನೇಷನ್ ಅನ್ನು ಅಂದಳು, ನಾನು ಅಂದೆ.”

“ಮುಟ್ಟಿಸಿದ ಎಸಳು ಎಲ್ಲಿ?”

ತಟ್ಟೆಯ ಪಕ್ಕದ ಸಣ್ಣ ಲೋಟದಲ್ಲಿ ಮೂರೂ ಬಿದ್ದಿದ್ದವು, ಜೇನು ಮೆತ್ತಿಕೊಂಡು. ಗುಲಾಬಿ ಬಣ್ಣದ್ದನ್ನು ಉಗುರಿನಲ್ಲಿ ಎತ್ತಿದೆ. ಮುದುಡಿ ಮುದ್ದೆಯಾಗಿತ್ತು. ಯಾವ ಹೂವೆಂದು ದೇವರೇ ಹೇಳಬೇಕು. ಪಂಚಪಾತ್ರೆಯ ನೀರಿನಲ್ಲೇ ತೊಳೆದೆ. ಅಂಗೈ ಮೇಲೆ ಬಿಡಿಸಲು ಹೋದರೆ ಬೆರಳು ಮಾತು ಕೇಳುತ್ತಿಲ್ಲ. ನಲವತ್ತು ಮೊಳ ಹೂವನ್ನು ಕಣ್ಣು ಮುಚ್ಚಿ ಕಟ್ಟುವ ಬೆರಳು, ಒಂದು ಎಸಳು ಬಿಡಿಸಲಾರದೆ ಹೋಯಿತು. ಗೌತಮಿ ಮಗುವನ್ನು ಎತ್ತಿಕೊಂಡೇ ಹತ್ತಿರ ಬಂದು ನನ್ನ ಮಣಿಕಟ್ಟು ಹಿಡಿದಳು. ಕೈ ನಿಂತಿತು.

ಎಸಳಿನ ಅಂಚು ತೆರೆದುಕೊಂಡಿತು. ಗರಗಸದ ಹಲ್ಲಿನಂತೆ ಸಣ್ಣ ಸಣ್ಣ ಕಚ್ಚು.

“ಇದು ಕಾರ್ನೇಷನ್ನೇ,” ಅಂದೆ. “ಕಣಗಿಲೆ ಅಂಚು ನುಣ್ಣಗಿರ್ತದೆ.”

ಕನ್ನಡಕದವರು ಕಣ್ಣೊರೆಸಿಕೊಂಡು ಕನ್ನಡಕ ಹಾಕಿಕೊಂಡರು. ಯಾರೋ ದೇವರ ಹೆಸರು ಹೇಳಿದರು. ಆದರೆ ಗೌತಮಿ ನನ್ನ ಮಣಿಕಟ್ಟು ಬಿಡಲಿಲ್ಲ. “ಹಂಗಾದ್ರೆ ಕಣಗಿಲೆ ತಟ್ಟೇಲಿ ಇರ್ಬೇಕಲ್ವಾ? ತೋರ್ಸಿ.”

ಜಾಣೆ. ತಟ್ಟೆ ಎಳೆದುಕೊಂಡೆ. ಒಂಬತ್ತರಲ್ಲಿ ಮೂರು ಹೋದರೆ ಆರು ಇರಬೇಕು. ಕೇದಗೆಯ ಗರಿ. ಕನಕಾಂಬರ. ಕೋಳಿಜುಟ್ಟಿನ ಚೂರು. ಬಿಳಿ ಕಮಲದ ದೊಡ್ಡ ಎಸಳು. ಗುಲಾಬಿ ಬಣ್ಣದ ಒಂದು. ಅದರ ಹಿಂದೆ ಬಾಲದಂಥ ಸಣ್ಣ ಕೊಕ್ಕೆ ಇತ್ತು, ಅಂದರೆ ಕರ್ಣಕುಂಡಲ.

ಐದು.

ಮತ್ತೆ ಎಣಿಸಿದೆ. ಐದೇ. ಜೇನಿನ ಬಟ್ಟಲಲ್ಲಿ ಬೆರಳಾಡಿಸಿದೆ, ಇಲ್ಲ. ಮಣೆ ಎತ್ತಿದೆ, ಇಲ್ಲ. ಹೇಮಶ್ರೀ ತಮ್ಮ ಸೆರಗು ಕೊಡವಿದರು, ಏನೂ ಬೀಳಲಿಲ್ಲ. ಗೌತಮಿ ಮಗುವಿನ ಬಾಯಿಗೆ ಕಿರುಬೆರಳು ಹಾಕಿ ಒಳಗೆಲ್ಲ ನೋಡಿದಳು. ಮಗು ಅಳಲು ಶುರು ಮಾಡಿತು. ಆ ಅಳು ಎಷ್ಟು ಹೊತ್ತು ಇತ್ತೋ ನನಗೆ ಗೊತ್ತಿಲ್ಲ, ಅಷ್ಟು ಹೊತ್ತೂ ನನ್ನ ಕಣ್ಣ ಮುಂದೆ ಇದ್ದದ್ದು ನಾನು ಕಾಣದ ಮಂಡಕಳ್ಳಿಯ ಕರು.

ಅಷ್ಟರಲ್ಲಿ ತಟ್ಟೆಯ ನೀರು ನೋಡಿದೆ. ಶುದ್ಧ ಮಾಡಲು ಅಜ್ಜಿ ಚಿಮುಕಿಸಿದ ನೀರು. ಅದು ನಾನು ಹೇಳಿದ ಸುಳ್ಳಿನ ನೀರು. ಒದ್ದೆಯಾದ ಎಸಳು ಎಸಳಿಗೆ ಅಂಟುತ್ತದೆ, ಇದು ನನಗೆ ಗೊತ್ತಿಲ್ಲದ್ದೇ? ಮಳೆಯ ದಿನ ನಾನು ದಿನಾ ಬಿಡಿಸುವುದು ಅದನ್ನೇ. ಕಮಲದ ಎಸಳನ್ನು ಎತ್ತಿ ಮಗುಚಿದೆ.

ಅದರ ಹೊಟ್ಟೆಗೆ ಅಂಟಿಕೊಂಡು, ಫ್ಯಾನಿನ ರೆಕ್ಕೆಯಂತೆ ಒಂದು ಕಡೆಗೆ ತಿರುಚಿದ, ಅಂಚು ನುಣುಪಾದ ಎಸಳು. ಜೇನು ಒಂದು ಹನಿಯೂ ತಾಗಿರಲಿಲ್ಲ.

“ಇದು,” ಅಂದೆ.

ಗೌತಮಿ ನನ್ನ ಕೈ ಬಿಟ್ಟಳು. ಅವಳ ನಾಲ್ಕು ಬೆರಳೂ ಮಣಿಕಟ್ಟಿನ ಮೇಲೆ ಮೂಡಿದ್ದವು.

ಆಗ ಎಲ್ಲರಿಗೂ ಒಟ್ಟಿಗೇ ಬಾಯಿ ಬಂತು. ರೇಷ್ಮೆ ಪಂಚೆಯವರು ಪೊಲೀಸು ಅಂದರು. ಇನ್ನೊಬ್ಬರು ಇಂಥ ದಿನ ಇಂಥ ಮಾತು ಆಡಬಾರದಿತ್ತು ಅಂದರು. ಅಜ್ಜಿ ಮಾತ್ರ ನಂಬಲಾರದೆ ನನ್ನನ್ನೇ ನೋಡುತ್ತಿದ್ದರು. “ಅಲ್ಲ ಕಣಮ್ಮ, ಕಣಗಿಲೆ ಈಶ್ವರನಿಗೆ ಏರಿಸೋ ಹೂವು. ಅದು ಹೆಂಗೆ ವಿಷ ಆಗ್ತದೆ?”

“ಈಶ್ವರನಿಗೆ ವಿಷ ಕುಡಿದು ಅಭ್ಯಾಸ ಇದೆ ಅಮ್ಮ. ಕೂಸಿಗೆ ಇಲ್ಲ.”

ನಾನು ನನ್ನ ಕೆಲಸ ನೋಡಿದೆ. ಬಟ್ಟಲಿನ ಜೇನು ಹಿತ್ತಲಿಗೆ ಚೆಲ್ಲಿಸಿದೆ. ಹೂವು ಮುಟ್ಟಿದವರೆಲ್ಲ ಸೋಪಿನಲ್ಲಿ ಕೈ ತೊಳೆಯುವವರೆಗೂ ಮಗುವಿನ ಹತ್ತಿರ ಬರಬಾರದು ಅಂದೆ. ತೊಟ್ಟಿಲ ಮಾಲೆಯನ್ನು ಹಳೆಯ ಬಟ್ಟೆಯಲ್ಲಿ ಹಿಡಿದು ಬಿಚ್ಚಿ ಸುತ್ತಿಟ್ಟೆ. ಹಾಸಿದ್ದ ಬಟ್ಟೆಯನ್ನೂ ತೆಗೆಸಿದೆ, ಮೇಲಿಂದ ಏನು ಉದುರಿದೆಯೋ ಯಾರು ಕಂಡರು. ಆಮೇಲೆ ಗೌತಮಿಗೆ ಹೇಳಿದೆ, “ನಾನು ಹೂವಿನೋಳು, ಡಾಕ್ಟರಲ್ಲ. ನನ್ನ ಕಣ್ಣು ನಂಬಿಕೊಂಡು ಕೂರಬೇಡವ್ವ. ಒಂದು ಸಲ ತೋರಿಸ್ಕೊಂಡು ಬಾ. ಬಾಗಿಲಲ್ಲಿ ಆಟೋ ಇದೆ.”

“ಮುಹೂರ್ತ ಹನ್ನೊಂದೂ ಇಪ್ಪತ್ತಕ್ಕೆ ಮುಗಿಯುತ್ತೆ!” ಅಂದರು ಹೇಮಶ್ರೀ. “ಹೆಸರು ಹೇಳದೆ ಹೊಸ್ತಿಲು ದಾಟಿಸ್ತೀರಾ?”

ಮಗುವಿನ ತಂದೆ ವಿಜಯ್‌ಕುಮಾರ್ ಅಕ್ಕನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಗೌತಮಿ ಆಗಲೇ ಚಪ್ಪಲಿ ಹುಡುಕುತ್ತಿದ್ದಳು.

ಅವರು ಹೋದ ಮೇಲೆ ನಾನು ಗೇಟಿನ ಹೊರಗೆ ಕಟ್ಟೆಯ ಮೇಲೆ ಕೂತೆ. ಒಳಗೆ ಕರೆದವರಿಲ್ಲ, ಹೋಗು ಅಂದವರೂ ಇಲ್ಲ. ಜಲ್ಲಿ ರಾಶಿಯ ಹತ್ತಿರದ ಹೆಂಗಸು ಒಂದು ಚೆಂಬು ನೀರು ತಂದುಕೊಟ್ಟಳು. ಕುಡಿಯುವ ಮೊದಲು ಕೈ ತೊಳೆದುಕೊಂಡೆ.

ಹನ್ನೆರಡಕ್ಕೆ ಆಟೋ ಬಂತು. ಮಾರ್ಟಿನ್ ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿದ. ಮಗುವಿನ ಎದೆಬಡಿತ ನೋಡಿ ಡಾಕ್ಟರು ಏನೂ ಭಯವಿಲ್ಲ, ಆದರೂ ಸಂಜೆಯವರೆಗೆ ನೋಡಿಕೊಂಡಿರಿ ಅಂದರಂತೆ. ಇನ್ನೊಂದು ಸಂಗತಿಯನ್ನೂ ಅವನೇ ಹೇಳಿದ. ಚೀಟಿ ಬರೆಯುವ ನರ್ಸು ಮಗುವಿನ ಹೆಸರು ಕೇಳಿದಾಗ ವಿಜಯ್‌ಕುಮಾರ್ ಇನ್ನೂ ಇಟ್ಟಿಲ್ಲ ಅಂದನಂತೆ. ಗೌತಮಿ ಗೋಡೆಯ ಗಡಿಯಾರ ನೋಡಿ, ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿ, ಆಮೇಲೆ ನರ್ಸಿಗೆ “ಕಾವೇರಿ ಅಂತ ಬರ್ಕೊಳ್ಳಿ” ಅಂದಳಂತೆ. ಹನ್ನೊಂದೂ ಹದಿನೈದು. ಮುಹೂರ್ತ ಇನ್ನೂ ಐದು ನಿಮಿಷ ಇತ್ತು.

ಹೆಸರು ಹೇಳಬೇಕಾದ ಸೋದರತ್ತೆ ಮನೆಯಲ್ಲಿ ಮಣೆ ಮುಂದೆ ಕೂತಿದ್ದರು. ಹೇಮಶ್ರೀ ಅವತ್ತಿನಿಂದ ನನ್ನ ಗಾಡಿಯ ಮುಂದೆ ಕಾರು ನಿಲ್ಲಿಸಿಲ್ಲ. ಅವರ ಕೋಪ ನನಗೆ ಅರ್ಥವಾಗುತ್ತದೆ.

ಮಾರ್ಟಿನ್ ಹೇಳಿದಂತೆಯೇ ಆಯಿತು. ಸಂಜೆಗೆ ವೀಡಿಯೊ ಯಾದವಗಿರಿಯಲ್ಲಿತ್ತು, “ಅದು ಮೈಲಿಗೆ ಅಲ್ಲಮ್ಮ, ವಿಷ” ಎಂದು ನಾನು ಕೂಗುವುದು ಮಾತ್ರ, ಮುಂದಿನದಿಲ್ಲ. ಮಂಗಳವಾರ ಎರಡು ಮನೆಯವರು ದಿನದ ಹೂವು ಬೇಡ ಅಂದರು. ಬುಧವಾರ ಇನ್ನೊಂದು. ಬಂದು ಕೇಳಿದವರಿಗೆಲ್ಲ ನಡೆದದ್ದನ್ನು ನಡೆದಂತೆ ಹೇಳಿದೆ, ಮೊದಲು ಸುಳ್ಳು ಹೇಳಿದ್ದನ್ನೂ ಬಿಡದೆ. ಕೆಲವರು ತಮ್ಮ ಮನೆಯ ಕಾಂಪೌಂಡಿನಲ್ಲಿ ಕಣಗಿಲೆ ಇದೆ, ಮಕ್ಕಳು ಅಲ್ಲೇ ಆಡುತ್ತಾರೆ, ಕಡಿಸಬೇಕೇ ಎಂದು ಕೇಳಿದರು. ಗಿಡದ ಪಾಡಿಗೆ ಗಿಡ ಇರಲಿ, ಮಕ್ಕಳಿಗೆ ಗುರುತು ಹೇಳಿಕೊಡಿ, ಕೈ ತೊಳೆಸಿ ಅಂದೆ.

ಮುಂದಿನ ಸೋಮವಾರ ಏಳು ಗಂಟೆಗೆ ಮಾರ್ಟಿನ್ ಆಟೋದಿಂದ ಒಬ್ಬರನ್ನು ಕೈ ಹಿಡಿದು ಇಳಿಸಿದ. ಕಾವೇರಿಯ ಅಜ್ಜಿ. ಬೋಗಾದಿಯಿಂದ ಇಲ್ಲಿಗೆ, ಬರೀ ಹೂವಿಗೆ.

ನಾನು ಎದ್ದು ನಿಂತೆ. “ಮಗು ಹೆಂಗಿದೆ ಅಮ್ಮ?”

“ರಾತ್ರಿಯೆಲ್ಲ ಅಳ್ತದೆ, ಹಗಲೆಲ್ಲ ನಿದ್ದೆ ಮಾಡ್ತದೆ. ಅವರಪ್ಪನೂ ಹಂಗೇ ಇದ್ದ.” ದೊಡ್ಡ ಬುಟ್ಟಿಯನ್ನು ಒಂದು ಸಲ ಕಣ್ಣಾಡಿಸಿ ನೋಡಿದರು. “ಇದರಲ್ಲಿಲ್ಲ. ಕೆಳಗಿನ ಬುಟ್ಟಿ ತೆಗಿ. ಈಶ್ವರನಿಗೆ ಕಣಗಿಲೆ ಬೇಕು.”

“ನಮ್ಮ ಹತ್ರಾನೇ ಯಾಕಮ್ಮ ಇಷ್ಟು ದೂರ...”

“ನಮ್ಮ ಬೀದೀಲಿ ಮಾರೋನು ಅದನ್ನ ಮಲ್ಲಿಗೆ ಪಕ್ಕದಲ್ಲೇ ಇಟ್ಕೊಂಡಿದ್ದಾನೆ. ಹೇಳಿದ್ರೆ ನಗ್ತಾನೆ.”

ಹಲಗೆಯ ಕೆಳಗೆ ಬಗ್ಗಿ ಸಣ್ಣ ಬುಟ್ಟಿ ಎಳೆದೆ. ಎಲೆಯಲ್ಲಿ ಸುತ್ತಿ, ದಾರ ಎರಡು ಸುತ್ತು ಬಿಗಿದು ಕೊಟ್ಟೆ. ಅವರು ಅದನ್ನು ಚೀಲಕ್ಕೆ ಹಾಕದೆ ಬೇರೆಯಾಗಿ ಕೈಯಲ್ಲೇ ಹಿಡಿದುಕೊಂಡರು. ನಾನು ಬಾಟಲಿ ಎತ್ತಿ ನನ್ನ ಕೈಗೆ ನೀರು ಸುರಿದುಕೊಂಡೆ. ಅವರೂ ಇನ್ನೊಂದು ಕೈ ಮುಂದೆ ಚಾಚಿದರು.